ಹಾಡು, ಸುದ್ದಿ, ಸಂತೆ ಮಾತು: ಒಂದೇ ಗುಂಪಿನಲ್ಲಿ ನಾನು ನಡೆಸುವ ರೀತಿ

ವಾಟ್ಸ್‌ಆ್ಯಪ್ ಒಂದು ಗುಂಪಿಗೆ 1024 ಜನರನ್ನು ಸೇರಿಸಲು ಬಿಡುತ್ತದೆ. ಹರಟೆಗೆ ಅಷ್ಟು ಜನ ಬೇಡ. ನಾನು ನೋಡಿಕೊಳ್ಳುವ ಗುಂಪನ್ನು ಅರವತ್ತರ ಆಚೀಚೆ ನಿಲ್ಲಿಸಿದ್ದೇನೆ. ಅದಕ್ಕಿಂತ ಹೆಚ್ಚಾದರೆ ಮಾತಾಡುವವರು ಅದೇ ಹತ್ತು ಮಂದಿ, ಉಳಿದವರು ಸಭಿಕರು. ಹಾಡಿಗೊಂದು, ಸುದ್ದಿಗೊಂದು, ತರಕಾರಿ ದರಕ್ಕೊಂದು ಎಂದು ಗುಂಪು ಒಡೆಯಲು ಹೋಗಬಾರದು. ಒಡೆದರೆ ಹಾಡಿನ ಗುಂಪು ಪರೀಕ್ಷೆ ಕೊಠಡಿಯಾಗುತ್ತದೆ, ಸುದ್ದಿಯದು ಕುಸ್ತಿ ಅಖಾಡ. ಒಟ್ಟಿಗಿದ್ದರೆ ಒಂದರ ಬಿಸಿಯನ್ನು ಇನ್ನೊಂದು ಇಳಿಸುತ್ತದೆ. ಬಿಗಿ ಬೇಕಾದ್ದು ಎರಡೇ ಕಡೆ: ಹಾಡನ್ನು ಹೇಗೆ ಕಳಿಸಬೇಕು, ಸುದ್ದಿಯನ್ನು ಯಾವಾಗ ನಂಬಬೇಕು. ಉಳಿದದ್ದಕ್ಕೆಲ್ಲ ನಿಯಮ ಬರೆದಷ್ಟೂ ಹರಟೆ ಸೊರಗುತ್ತದೆ.

ನಲವತ್ತು ನಿಮಿಷದ ಖಯಾಲನ್ನು (ಹಿಂದೂಸ್ತಾನಿ ಗಾಯನದ ಒಂದು ಪ್ರಕಾರ) ಇಡಿಯಾಗಿ ಹಾಕಿದರೆ ಯಾರೂ ಕೇಳುವುದಿಲ್ಲ. ಹೆಬ್ಬೆರಳು ತೋರಿಸಿ ಮುಂದೆ ಹೋಗುತ್ತಾರೆ. ನಾನು ಕತ್ತರಿಸುವುದು 90 ಸೆಕೆಂಡಿನಿಂದ 2 ನಿಮಿಷ. ಎಲ್ಲಿಂದ ಕತ್ತರಿಸುತ್ತೀರಿ ಎಂಬುದರಲ್ಲೇ ಎಲ್ಲ ಇದೆ. ಖಯಾಲಾದರೆ ಮುಖಡಾ, ಅಂದರೆ ಹಾಡಿನ ಮೊದಲ ತುಣುಕು, ಎತ್ತುವ ಜಾಗದಿಂದ, ಹಾಡು ಎರಡು ಸಲವಾದರೂ ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ಬಂದು ಬೀಳುವಷ್ಟು. ನಿಧಾನಗತಿಯ ವಿಲಂಬಿತ ಏಕತಾಲದಲ್ಲಿ ತಾಳದ ಒಂದು ಸುತ್ತೇ ನಿಮಿಷದಷ್ಟಾಗಬಹುದು, ಅಲ್ಲಿ ಜಿಪುಣತನ ನಡೆಯದು. ಕೀರ್ತನೆಯಾದರೆ ಪಲ್ಲವಿ ಶುರುವಾಗಿ ಎರಡು ಮೂರು ಸಂಗತಿ (ಅದೇ ಸಾಲನ್ನು ಬೆಳೆಸಿ ಹಾಡುವ ರೂಪ) ಬರುವವರೆಗೆ. ಭಾವಗೀತೆಯಲ್ಲಿ ಮೊದಲಿನ ವಾದ್ಯದ ಭಾಗ ಬಿಟ್ಟು ಪಲ್ಲವಿ ಮತ್ತು ಒಂದು ಚರಣ ಸಾಕು. ಕೊನೆಯ ಒಂದು ಸೆಕೆಂಡಿನಲ್ಲಿ ದನಿ ಮೆಲ್ಲಗೆ ಇಳಿದು ಮುಗಿಯಬೇಕು. ತಟ್ಟನೆ ಕಡಿದರೆ ಯಾರೋ ಬಾಗಿಲು ಹಾಕಿದ ಹಾಗೆ ಕೇಳುತ್ತದೆ. ಕಂಪ್ಯೂಟರಿನಲ್ಲಿ ಆಡಾಸಿಟಿ ಸಾಕು, ದುಡ್ಡು ಕೊಡಬೇಕಿಲ್ಲ.

ಎಂಪಿ3 ಕಡತವನ್ನು 128 ಕೆಬಿಪಿಎಸ್‌ನಲ್ಲಿ ಇಳಿಸಿದರೆ ನಿಮಿಷಕ್ಕೆ ಸುಮಾರು ಒಂದು ಎಂಬಿ. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಕಾಲದ ಹಾಡುಗಳು ಹೇಗೂ ಮೋನೊ. ಅವಕ್ಕೆ 64 ಸಾಕು, ಗಾತ್ರ ಅರ್ಧವಾಗುತ್ತದೆ, ಕಿವಿಗೆ ನಷ್ಟವಿಲ್ಲ. ಕಳಿಸುವಾಗ ‘ಡಾಕ್ಯುಮೆಂಟ್’ ಎಂದು ಕಳಿಸಿ; ಕಡತದ ಹೆಸರು ಹಾಗೇ ಉಳಿಯುತ್ತದೆ, ಮುಂದೆ ಹುಡುಕಲು ಅದೇ ಆಧಾರ.

ಸ್ವಂತ ಹಾಡುವವರು ಮಾಡುವ ದೊಡ್ಡ ತಪ್ಪು ಎಂದರೆ ಮೈಕ್ ಗುಂಡಿ ಒತ್ತಿ ವಾಯ್ಸ್ ಮೆಸೇಜಿನಲ್ಲೇ ಹಾಡಿಬಿಡುವುದು. ಅದು ಮಾತಿಗೆಂದು ಮಾಡಿದ ದಾರಿ, ಹಾಡನ್ನು ತೀರಾ ಹಿಂಡಿಬಿಡುತ್ತದೆ. ಕರೆಯಲ್ಲಂತೂ ಇನ್ನೂ ಕಷ್ಟ: ಒಂದೇ ಸಮನೆ ಬರುವ ಸದ್ದನ್ನು ಗದ್ದಲ ಎಂದು ಅಳಿಸುವುದು ಆ ವ್ಯವಸ್ಥೆಯ ಕೆಲಸ, ತಂಬೂರಿಯ ನಾದ ಅದಕ್ಕೆ ಫ್ಯಾನಿನ ಸದ್ದಿನಂತೆಯೇ. ತಂಬೂರಿ ಮಾಯವಾಗುತ್ತದೆ, ದೀರ್ಘವಾಗಿ ನಿಂತ ಷಡ್ಜವೂ ಕೆಲವೊಮ್ಮೆ ಅದರ ಹಿಂದೆಯೇ ಹೋಗುತ್ತದೆ. ಫೋನಿನ ರೆಕಾರ್ಡರ್‌ನಲ್ಲಿ ಹಾಡಿ, ತಂಬೂರಿ ಆ್ಯಪನ್ನು ಇನ್ನೊಂದು ಫೋನಿನಲ್ಲಿ ಮೂರು ನಾಲ್ಕು ಅಡಿ ದೂರ ಇಟ್ಟು, ಕಡತವಾಗಿ ಕಳಿಸಿದರೆ ಈ ತೊಂದರೆ ಇಲ್ಲ.

ಇನ್ನೊಂದು ಸಿಕ್ಕು ಹಳೆಯ ತಟ್ಟೆಗಳದು. ಎಲ್ಲ ತಟ್ಟೆಯೂ ಸರಿಯಾಗಿ 78ರ ವೇಗದಲ್ಲೇ ಮುದ್ರಣವಾದದ್ದಲ್ಲ, ಡಿಜಿಟಲ್‌ಗೆ ಇಳಿಸಿದವರೂ ವೇಗ ಸರಿಮಾಡಿರುವುದಿಲ್ಲ. ವೇಗ ಶೇಕಡಾ 6ರಷ್ಟು ಹೆಚ್ಚಾದರೆ ಶ್ರುತಿ ಅರ್ಧ ಮನೆ, ಅಂದರೆ ಹಾರ್ಮೋನಿಯಂನ ಪಕ್ಕದ ಕೀಲಿಯಷ್ಟು, ಏರುತ್ತದೆ. ಒಂದೂವರೆ ಮನೆಯ ಶ್ರುತಿಯಲ್ಲಿ ಹಾಡಿದ್ದು ಎರಡು ಮನೆಯದರಲ್ಲಿ ಕೇಳುತ್ತದೆ. ಯೂಟ್ಯೂಬಿಗೆ ಏರಿಸುವವರಲ್ಲೂ ಕೆಲವರು ಹಕ್ಕುಸ್ವಾಮ್ಯದ ಬಲೆಗೆ ಸಿಗದಿರಲು ಬೇಕೆಂದೇ ವೇಗ ಬದಲಿಸುತ್ತಾರೆ. ‘ಆ ಕಾಲದಲ್ಲಿ ಎಂಥ ಏರು ಶ್ರುತಿ’ ಎಂದು ಗುಂಪು ಬೆರಗಾಗುವ ಮೊದಲು ಅದೇ ಹಾಡಿನ ಇನ್ನೊಂದು ಪ್ರತಿಯನ್ನು ಪಕ್ಕದಲ್ಲಿಟ್ಟು ಕೇಳಿ. ಎರಡರ ಒಟ್ಟು ಅವಧಿ ಬೇರೆಯಿದ್ದರೆ ಕಾರಣ ಅಲ್ಲೇ ಇದೆ.

ನಮ್ಮಲ್ಲಿ ರಾಗದ ಜಗಳ ಏಳುವುದು ಹೆಚ್ಚಾಗಿ ಹೆಸರಿನಿಂದ. ಹಿಂದೂಸ್ತಾನಿಗೆ ಒಗ್ಗಿದ ಧಾರವಾಡದ ಕಿವಿ ಮತ್ತು ಕರ್ನಾಟಕ ಸಂಗೀತಕ್ಕೆ ಒಗ್ಗಿದ ಮೈಸೂರಿನ ಕಿವಿ ಒಂದೇ ಗುಂಪಿನಲ್ಲಿದ್ದರೆ ಇದು ತಪ್ಪಿದ್ದಲ್ಲ. ಕರ್ನಾಟಕ ಸಂಗೀತದ ಹಿಂದೋಳ ಹಿಂದೂಸ್ತಾನಿಯಲ್ಲಿ ಮಾಲಕಂಸ. ಹಿಂದೂಸ್ತಾನಿಯ ಹಿಂದೋಲ್ ಬೇರೆಯೇ: ಎರಡರಲ್ಲೂ ರಿಷಭ, ಪಂಚಮ ಇಲ್ಲ, ಆದರೆ ಹಿಂದೋಲ್‌ನಲ್ಲಿರುವುದು ತೀವ್ರ ಮಧ್ಯಮ. ದಕ್ಷಿಣದ ತೋಡಿಯ ಸ್ವರಗಳು ಉತ್ತರದವರಿಗೆ ಭೈರವಿಯ ಸ್ವರಗಳು. ಉತ್ತರದ ತೋಡಿಯ ಸ್ವರಗಳು ನಮಗೆ ಶುಭಪಂತುವರಾಳಿಯವು. ದಕ್ಷಿಣದ ಭೈರವಿ ಇವೆರಡಕ್ಕೂ ಸೇರುವುದಿಲ್ಲ, ಅದಕ್ಕೆ ಎರಡು ಧೈವತ. ಸ್ವರಸ್ಥಾನ ಒಂದೇ ಆದರೂ ನಡೆ ಬೇರೆ ಎಂಬ ಮಾತು ಇದ್ದೇ ಇದೆ, ಆ ಚರ್ಚೆಗೆ ಎಷ್ಟು ರಾತ್ರಿ ಬೇಕಾದರೂ ಕೊಡಬಹುದು. ಆದರೆ ‘ತೋಡಿ’ ಎಂದಷ್ಟೇ ಬರೆದು ಶುರುವಾದ ಚರ್ಚೆ ನಾಲ್ಕು ತಾಸಿನ ನಂತರವೂ ಮೊದಲಿದ್ದಲ್ಲೇ ಇರುತ್ತದೆ. ಅದಕ್ಕೇ ಕಡತದ ಹೆಸರಿನಲ್ಲಿ ಹಾಡಿದವರು, ರಾಗ, ‘ಕರ್ನಾಟಕ’ ಅಥವಾ ‘ಹಿಂದೂಸ್ತಾನಿ’ ಎಂಬ ಒಂದು ಪದ, ತಾಳ, ಗೊತ್ತಿದ್ದರೆ ವರ್ಷ.

ರಾಗ ಗುರುತಿಸುವ ಆಟಕ್ಕೆ ವಾಟ್ಸ್‌ಆ್ಯಪ್‌ನ ಪೋಲ್ ಬಳಸಬೇಡಿ. ಹನ್ನೆರಡು ಆಯ್ಕೆ ಕೊಡಬಹುದು, ನಿಜ. ಆದರೆ ಯಾರು ಏನು ಒತ್ತಿದರೆಂದು ಎಲ್ಲರಿಗೂ ಕಾಣುತ್ತದೆ. ಗುಂಪಿನಲ್ಲಿ ವಿದ್ವಾಂಸರೆನಿಸಿಕೊಂಡವರು ಒತ್ತಿದ ಮೇಲೆ ಉಳಿದವರ ಕೈ ಅಲ್ಲಿಗೇ ಹೋಗುತ್ತದೆ. ಟೆಲಿಗ್ರಾಂನಲ್ಲಿ ಹೆಸರು ಕಾಣದ ಕ್ವಿಜ್ ಪೋಲ್ ಇದೆ. ಅದಿಲ್ಲದಿದ್ದರೆ ಉತ್ತರವನ್ನು ನನಗೊಬ್ಬನಿಗೆ ಕಳಿಸಿ ಎನ್ನುವುದೇ ಸರಿ.

ಹಳೆಯ ಹಾಡು ಹುಡುಕಲು ಹೋದಾಗ ಸಿಗದಿರುವುದಕ್ಕೆ ಎರಡು ಕಾರಣ. ಒಂದು, ಇಂಗ್ಲಿಷ್ ಅಕ್ಷರದ ಕನ್ನಡ: ಒಬ್ಬರ ಭೂಪ್ ರಾಗಕ್ಕೆ ಎರಡು ‘ಓ’, ಇನ್ನೊಬ್ಬರದಕ್ಕೆ ಒಂದು ‘ಯು’. ಎರಡನೆಯದು ಕಣ್ಣಿಗೆ ಕಾಣದ್ದು. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ಗೆ ಒತ್ತಕ್ಷರ ಅಂಟದಿರಲು ಕೀಬೋರ್ಡ್ ನಡುವೆ ಒಂದು ಅದೃಶ್ಯ ಅಕ್ಷರ ಸೇರಿಸುತ್ತದೆ. ಒಬ್ಬರು ಅದನ್ನು ಸೇರಿಸಿ, ಇನ್ನೊಬ್ಬರು ಸೇರಿಸದೆ ಬರೆದರೆ ಯಂತ್ರಕ್ಕೆ ಅವು ಬೇರೆ ಬೇರೆ ಪದಗಳಾಗಬಹುದು. ಅದಕ್ಕೆ ಕಡತದ ಹೆಸರಿನಲ್ಲಿ ‘ಮಾಲ್‌ಕೌಂಸ್’ ಬೇಡ, ‘ಮಾಲಕಂಸ’ ಇರಲಿ. ಶುದ್ಧಿಯ ಪ್ರಶ್ನೆಯಲ್ಲ, ಸಿಗುವ ಪ್ರಶ್ನೆ.

ಹಕ್ಕಿನ ಮಾತು ಚುಟುಕಾಗಿ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1960ರ ತಟ್ಟೆಯದು 2020ರ ಕೊನೆಗೆ ಮುಗಿಯಿತು. ಅದರೊಳಗಿನ ಕವಿತೆಯದು ಬೇರೆ ಲೆಕ್ಕ, ಕವಿ ತೀರಿಕೊಂಡ ಮರುವರ್ಷದಿಂದ 60. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ಹಾಗಾಗಿ ಅವರ ಕವಿತೆಗಳಿಗೆ 2041ರ ಕೊನೆಯವರೆಗೆ ಹಕ್ಕಿದೆ. ವಚನ, ದಾಸರ ಪದಗಳಿಗೆ ಆ ಚಿಂತೆಯಿಲ್ಲ, ಆದರೆ ಅವಕ್ಕೆ ಹೊಸದಾಗಿ ಕೂಡಿಸಿದ ರಾಗಕ್ಕೆ ಇರಬಹುದು. ಹೊಸ ಹಾಡುಗಳಿಗೆ ಕಡತ ಬೇಡ, ಕೊಂಡಿ ಕಳಿಸಿ.

ಸುದ್ದಿಗೆ ನನ್ನಲ್ಲಿರುವುದು ಮೂರು ಪ್ರಶ್ನೆ: ಯಾವ ಊರು, ಯಾವ ತಾರೀಖು, ಯಾರು ಹೇಳಿದ್ದು. ಮೂರಕ್ಕೂ ಉತ್ತರವಿಲ್ಲದ್ದು ಗುಂಪಿನಲ್ಲಿ ಉಳಿಯುವುದಿಲ್ಲ. ಮೇಲೆ ಎರಡು ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. 2020ರ ಏಪ್ರಿಲ್‌ನಿಂದ ಅಂಥದನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಲು ಸಾಧ್ಯ. ಆದರೆ ಸ್ಕ್ರೀನ್‌ಶಾಟ್ ತೆಗೆದು ಹೊಸದಾಗಿ ಹಾಕಿದರೆ ಬಾಣ ಅಳಿದುಹೋಗುತ್ತದೆ, ಬಾಣವಿಲ್ಲ ಎಂದ ಮಾತ್ರಕ್ಕೆ ತಾಜಾ ಅಲ್ಲ.

ಮಳೆಗಾಲದಲ್ಲಿ ಅಣೆಕಟ್ಟಿನ ವಿಡಿಯೊಗಳದೇ ಕಾಟ. ಇವಕ್ಕೆ ಕೆಲವು ಅಂಕಿ ಬಾಯಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು. ಕೆಆರ್‌ಎಸ್ ಪೂರ್ಣ ಮಟ್ಟ 124.80 ಅಡಿ, ತುಂಗಭದ್ರಾ 1633 ಅಡಿ, ಲಿಂಗನಮಕ್ಕಿ 1819 ಅಡಿ, ಆಲಮಟ್ಟಿಯದು ಮಾತ್ರ ಮೀಟರಿನಲ್ಲಿ, 519.60. ‘ಕೆಆರ್‌ಎಸ್ 127 ಅಡಿ’ ಎಂದು ಬಂದರೆ ಮುಂದೆ ಓದುವ ಅಗತ್ಯವಿಲ್ಲ. ಇನ್ನು 11,574 ಕ್ಯೂಸೆಕ್ ನೀರು 24 ಗಂಟೆ ಹರಿದರೆ ಒಂದು ಟಿಎಂಸಿ. ಒಳಹರಿವು 50 ಸಾವಿರ ಕ್ಯೂಸೆಕ್ ಎಂದೂ, ಒಂದೇ ದಿನಕ್ಕೆ 20 ಟಿಎಂಸಿ ಬಂತೆಂದೂ ಒಂದೇ ಸಂದೇಶದಲ್ಲಿದ್ದರೆ ಭಾಗಿಸಿ ನೋಡಿ, ಸಿಗುವುದು 4.3. ತುಂಗಭದ್ರೆಯ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಕೊಚ್ಚಿಹೋಯಿತು. ಆ ದೃಶ್ಯ ‘ಈಗಷ್ಟೇ’ ಎಂಬ ತಲೆಬರಹ ಹೊತ್ತು ಯಾವ ಮಳೆಗಾಲದಲ್ಲಾದರೂ ಬರಬಹುದು. ವಿಡಿಯೊ ನಿಲ್ಲಿಸಿ, ಅಂಗಡಿ ಬೋರ್ಡು ಅಥವಾ ಗಾಡಿಯ ನಂಬರು ಕಾಣುವ ಚಿತ್ರ ತೆಗೆದು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಎಷ್ಟೋ ಸಲ ಹಳೆಯ ವರ್ಷ ಹೊರಬರುತ್ತದೆ. ಬರೀ ನೀರಿನ ಚಿತ್ರ ಕೊಟ್ಟರೆ ಲೆನ್ಸ್‌ಗೂ ನೀರೇ ಕಾಣುವುದು.

ಸುಳ್ಳೆಂದು ಗೊತ್ತಾದದ್ದನ್ನು ತಕ್ಷಣ ಅಳಿಸುವುದಿಲ್ಲ. ಅಡ್ಮಿನ್ ಅಳಿಸಿದರೆ ‘ಅಡ್ಮಿನ್ ಅಳಿಸಿದ್ದಾರೆ’ ಎಂದು ಎಲ್ಲರಿಗೂ ಕಾಣುತ್ತದೆ, ಕಳಿಸಿದವರಿಗೆ ಮುಖಭಂಗ. ಮೊದಲು ಅವರಿಗೊಬ್ಬರಿಗೇ ಬರೆಯುವುದು: ‘ಸರ್, ಇದು ಹಳೇ ವಿಡಿಯೊ ಅನ್ಸುತ್ತೆ, ನೀವೇ ತೆಗೆದುಬಿಡ್ತೀರಾ?’ ಕಳಿಸಿದವರಿಗೇ ಎಲ್ಲರ ಫೋನಿನಿಂದ ಅಳಿಸಲು ಎರಡು ದಿನಕ್ಕೂ ಸ್ವಲ್ಪ ಹೆಚ್ಚು ಸಮಯವಿದೆ. ಅರ್ಧ ಗಂಟೆ ಕಾದು, ಉತ್ತರವಿಲ್ಲದಿದ್ದರಷ್ಟೇ ನಾನು ಕೈ ಹಾಕುವುದು.

ದಿನದ ಮಾತಿಗೆ ಒಂದೇ ವಿನಂತಿ, ದರ ಹೇಳುವಾಗ ಅಳತೆ ಮತ್ತು ಊರು ಸೇರಿಸಿ. ಅಡಿಕೆ ಎಂದರೆ ಕ್ವಿಂಟಲ್‌ಗೋ ಕೆಜಿಗೋ, ರಾಶಿಯೋ ಚಾಲಿಯೋ. ತೆಂಗಿನಕಾಯಿ ಕೆಜಿ ಲೆಕ್ಕವೋ ಕಾಯಿ ಲೆಕ್ಕವೋ. ಮಲ್ಲಿಗೆಯನ್ನು ಉಡುಪಿಯವರು ಅಟ್ಟೆಯಲ್ಲಿ ಹೇಳಿದರೆ ಬೆಂಗಳೂರಿನವರು ಮಾರಿನಲ್ಲಿ ಕೇಳಿಸಿಕೊಳ್ಳುತ್ತಾರೆ. ತೋಡಿಯ ಜಗಳವೇ, ಹೂವಿನ ಅಂಗಡಿಯಲ್ಲಿ.

ಭಾನುವಾರ ರಾತ್ರಿ 9ಕ್ಕೆ ಎಲ್ಲರೂ ಕೂತು ಒಂದೇ ಹಾಡು ಕೇಳುವುದಿದೆ. ಕರೆಯಲ್ಲಿ ಹಾಡು ನುಡಿಸುವುದಿಲ್ಲ, ಮೇಲೆ ಹೇಳಿದ ತಂಬೂರಿಯ ಕಾರಣಕ್ಕೇ. ಕಡತವನ್ನು ಬೆಳಗ್ಗೆಯೇ ಕಳಿಸಿ, ಒಂಬತ್ತಕ್ಕೆ ‘ಶುರು’ ಎಂದು ಬರೆದರೆ ಅವರವರ ಫೋನಿನಲ್ಲಿ ಅವರವರು ಒತ್ತುತ್ತಾರೆ. ಎರಡು ಸೆಕೆಂಡು ಆಚೀಚೆಯಾದರೆ ಏನೂ ಕೆಡುವುದಿಲ್ಲ. ದೂರದವರ ಗಡಿಯಾರ ಮಾತ್ರ ವರ್ಷಕ್ಕೆರಡು ಸಲ ಕೈಕೊಡುತ್ತದೆ: ನಮ್ಮ 9 ಗಂಟೆ ಬೇಸಿಗೆಯಲ್ಲಿ ನ್ಯೂಯಾರ್ಕಿಗೆ ಬೆಳಗಿನ 11:30, ಕ್ಯಾಲಿಫೋರ್ನಿಯಾಗೆ 8:30, ಲಂಡನ್ನಿಗೆ ಸಂಜೆ 4:30. ಚಳಿಗಾಲದಲ್ಲಿ ಮೂವರಿಗೂ ಒಂದೊಂದು ಗಂಟೆ ಹಿಂದೆ. ದುಬೈಗೆ ವರ್ಷವಿಡೀ ಸಂಜೆ 7:30. ಅಮೆರಿಕ ಗಡಿಯಾರ ತಿರುಗಿಸುವುದು ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ. ಬ್ರಿಟನ್ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ನಡುವಿನ ಆ ವಾರಗಳಲ್ಲಿ ಸಮಯವನ್ನು ಊರುವಾರು ಬರೆದು ಏಳು ದಿನ ಪಿನ್ ಮಾಡಿಡುತ್ತೇನೆ.