ಉಪಗ್ರಹದ ಬೆನ್ನು ಹತ್ತಲು ನಾನು 10×50 ಆರಿಸಿದ್ದೇಕೆ

ಬೈನಾಕ್ಯುಲರ್ ಅಂದ ಕೂಡಲೇ ಎಲ್ಲರೂ ಕೇಳುವುದು, ಎಷ್ಟು ದೊಡ್ಡದಾಗಿ ತೋರಿಸುತ್ತೆ ಅಂತ. ನಾನು ಕೇಳಿದ್ದು ಬೇರೆ: ಒಂದೇ ನೋಟಕ್ಕೆ ಎಷ್ಟು ಆಕಾಶ ಸಿಗುತ್ತೆ, ಕೈಯಲ್ಲಿ ಅಲುಗಾಡದೆ ನಿಲ್ಲುತ್ತಾ? ನಕ್ಷತ್ರಗಳು ಎಲ್ಲೂ ಓಡಿಹೋಗುವುದಿಲ್ಲ. ಉಪಗ್ರಹ ಓಡುತ್ತದೆ.

ಲೆಕ್ಕ ಹಾಕಿ ನೋಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುತ್ತದೆ. ನೆತ್ತಿಯ ಮೇಲೆ ಹಾಯುವಾಗ ಸೆಕೆಂಡಿಗೆ ಹೆಚ್ಚುಕಡಿಮೆ 1 ಡಿಗ್ರಿ ಸರಿಯುತ್ತದೆ. ಸಾಮಾನ್ಯ 10×50ರಲ್ಲಿ, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 50 ಮಿ.ಮೀ. ಅಗಲವಿರುವ ಬೈನಾಕ್ಯುಲರಿನಲ್ಲಿ, ಕಾಣುವ ಆಕಾಶ ಸುಮಾರು 6.5 ಡಿಗ್ರಿ. 15×70ರಲ್ಲಿ ನಾಲ್ಕೂವರೆಗಿಂತ ಕಡಿಮೆ. ಬೈನಾಕ್ಯುಲರ್ ಅಲುಗಿಸದೆ ಹಿಡಿದರೆ ಮೊದಲನೆಯದರಲ್ಲಿ ಆರು ಸೆಕೆಂಡು, ಎರಡನೆಯದರಲ್ಲಿ ನಾಲ್ಕೇ ಸೆಕೆಂಡು. ಅದೂ ಅಲ್ಲದೆ 15×70 ಒಂದೂವರೆ ಕಿಲೋ ಹತ್ತಿರ ತೂಗುತ್ತದೆ. ಟ್ರೈಪಾಡ್ ಇಲ್ಲದಿದ್ದರೆ ಅದರಲ್ಲಿ ಚುಕ್ಕಿಗಳೆಲ್ಲ ಕುಣಿಯುತ್ತವೆ. ಟ್ರೈಪಾಡಿಗೆ ಹಾಕಿದರೆ ಓಡುವುದರ ಹಿಂದೆ ತಿರುಗಿಸುವುದು ಕಷ್ಟ.

ಹಾಗಾದರೆ 7×50 ಇನ್ನೂ ಒಳ್ಳೆಯದಲ್ವಾ? ಕೈ ನಡುಕ ಕಡಿಮೆ ಕಾಣುತ್ತದೆ, ನಿಜ. ಆದರೆ 50ನ್ನು 7ರಿಂದ ಭಾಗಿಸಿ. ಕಣ್ಣಿನ ಕಡೆ ಬರುವ ಬೆಳಕಿನ ಬಿಲ್ಲೆ ಸುಮಾರು 7 ಮಿ.ಮೀ. ಆಗುತ್ತದೆ. ಕತ್ತಲಲ್ಲಿ ಅಷ್ಟು ಅರಳುವುದು ಎಳೆಯರ ಕಣ್ಣುಪಾಪೆ. ವಯಸ್ಸಾದಂತೆ ಅದು ಕುಗ್ಗುತ್ತದೆ, ಒಳಗೆ ಹೋಗದ ಬೆಳಕು ಸುಮ್ನೆ ದಂಡ. 10×50ರ 5 ಮಿ.ಮೀ. ನನ್ನ ಕಣ್ಣಿಗೆ ಸಾಕು.

ಕೊಳ್ಳುವಾಗ ಮೊದಲು ಬೈನಾಕ್ಯುಲರನ್ನು ಕಣ್ಣಿಂದ ಒಂದಡಿ ದೂರ ಹಿಡಿದು, ಬೆಳಕಿರುವ ಗೋಡೆಯತ್ತ ತಿರುಗಿಸಿ ನೋಡಿದೆ. ಕಣ್ಣಿಡುವ ಗಾಜಿನಲ್ಲಿ ಎರಡು ಬೆಳಕಿನ ಚುಕ್ಕಿ ಕಾಣುತ್ತವೆ. ಅವು ಪೂರ್ತಿ ದುಂಡಗಿರಬೇಕು. ಅಂಚು ಚೌಕವಾಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ಒಳಗಿನ ಪ್ರಿಸಂ ಬೆಳಕು ನುಂಗುತ್ತಿದೆ ಅಂತ ಅರ್ಥ. ಆಮೇಲೆ ದೂರದ ಒಂದು ಕಂಬ ನೋಡಿದೆ. ಎರಡೂ ಕಣ್ಣಿಗೆ ಸೇರಿ ಒಂದೇ ಕಂಬ ಕಾಣಬೇಕು, ಕಣ್ಣಿಗೆ ಎಳೆತ ಬರಬಾರದು. ಲೆನ್ಸು ಕೆಂಪಗೆ ಹೊಳೆಯುವುದನ್ನೂ, ಜೂಮ್ ಇರುವುದನ್ನೂ ಮುಟ್ಟಲೇ ಇಲ್ಲ. ಕನ್ನಡಕ ಹಾಕುವವರು ಐ ರಿಲೀಫ್ (ಪೂರ್ತಿ ನೋಟ ಸಿಗಲು ಕಣ್ಣು ಗಾಜಿನಿಂದ ಇರಬೇಕಾದ ದೂರ) 15 ಮಿ.ಮೀ.ಗಿಂತ ಜಾಸ್ತಿ ಇರುವುದನ್ನೇ ಕೇಳಿ.

ಉಪಗ್ರಹವನ್ನು ಅಟ್ಟಿಸಿಕೊಂಡು ಹೋಗಬೇಡಿ, ಕಾದು ಹಿಡಿಯಿರಿ. ಅದು ಯಾವ ನಕ್ಷತ್ರದ ಪಕ್ಕ ಹಾಯುತ್ತದೆ ಅಂತ ಮೊಬೈಲ್ ಆ್ಯಪ್‌ನಲ್ಲಿ ನೋಡಿಕೊಂಡು, ಆ ನಕ್ಷತ್ರಕ್ಕೇ ಫೋಕಸ್ ಮಾಡಿ ಒರಗು ಕುರ್ಚಿಯಲ್ಲಿ ಕೂರುತ್ತೇನೆ. ಮೊಣಕೈ ಕುರ್ಚಿಯ ತೋಳಿಗೆ ಊರಿದರೆ ನಡುಕ ಅರ್ಧ ಇಳಿಯುತ್ತದೆ. ಕತ್ತಲಾದ ಮೇಲಿನ ಒಂದೆರಡು ಗಂಟೆ, ಇಲ್ಲವೇ ಬೆಳಗಾಗುವ ಮುಂಚಿನ ಅಷ್ಟೇ ಹೊತ್ತು ಸರಿಯಾದ ಸಮಯ. ಆಗ ನೆಲದಲ್ಲಿ ಕತ್ತಲಿದ್ದರೂ ಮೇಲೆ ಉಪಗ್ರಹಕ್ಕೆ ಬಿಸಿಲು ಬೀಳುತ್ತಿರುತ್ತದೆ. ಭೂಮಿಯ ನೆರಳಿಗೆ ನುಗ್ಗಿದಾಗ ನಡು ಆಕಾಶದಲ್ಲೇ ಕೆಂಪಾಗಿ ಮಾಯವಾಗುತ್ತದೆ. ಬರಿಗಣ್ಣಿಗೆ ಆರಿಹೋದ ಮೇಲೂ ಬೈನಾಕ್ಯುಲರಿನಲ್ಲಿ ಕೆಲವು ಸೆಕೆಂಡು ಸಿಗುತ್ತದೆ.

ನನಗೆ ಇನ್ನೂ ಇಷ್ಟ ಹಳೆಯ ರಾಕೆಟ್ ತುಣುಕುಗಳು. ಪಲ್ಟಿ ಹೊಡೆಯುತ್ತಾ ಹೋಗುವುದರಿಂದ ಮಿನುಗಿ, ಮಂಕಾಗಿ, ಮತ್ತೆ ಮಿನುಗುತ್ತವೆ. ಎರಡು ಮಿನುಗಿನ ನಡುವೆ ಎಷ್ಟು ಸೆಕೆಂಡು ಅಂತ ಎಣಿಸುವುದೇ ಒಂದು ಆಟ. ಬೆಳಗಿನ ಜಾವ ನೋಡುವವರು ಮಾತ್ರ ಸೂರ್ಯ ಹುಟ್ಟುವ ಮುಂಚೆಯೇ ಬೈನಾಕ್ಯುಲರ್ ಚೀಲಕ್ಕೆ ಹಾಕಿಬಿಡಿ. ಅದರಲ್ಲಿ ಸೂರ್ಯ ಒಂದು ಕ್ಷಣ ಬಿದ್ದರೂ ಕಣ್ಣು ಹೋಗಬಹುದು.