ಹಳೆ ತಾಮ್ರದ ಬಾಯ್ಲರ್: ಬದಲಿಸುವುದೋ, ರಿಪೇರಿಯೋ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದು ಅಡಿಕೆ, ತೆಂಗಿನ ತೋಟದ ಮನೆ. ಬಚ್ಚಲಿನಲ್ಲಿ ಅಪ್ಪನ ಕಾಲದ ತಾಮ್ರದ ಬಾಯ್ಲರ್ ಇದೆ. ಕಳೆದ ಮಳೆಗಾಲದ ಕೊನೆಗೆ ಅದರ ಅಡಿಯಿಂದ ನೀರು ಜಿನುಗಲು ಶುರುವಾಯಿತು. ಹಚ್ಚಿದ ಬೆಂಕಿ ಚುಂಯ್ ಅಂತ ಆರುತ್ತಿತ್ತು. "ಬಿಸಾಡಿ, ಗೀಸರ್ ಹಾಕಿಸಿ" ಎಂದು ಬಂದವರೆಲ್ಲ ಹೇಳಿದರು. ನಾನು ಬಿಸಾಡಲಿಲ್ಲ. ಇದೇ ಯೋಚನೆಯಲ್ಲಿರುವ ಮನೆಗಳು ನಮ್ಮ ಕಡೆ ತುಂಬ ಇವೆ, ಅದಕ್ಕೇ ಬರೆಯುತ್ತಿದ್ದೇನೆ.

ಈ ಬಾಯ್ಲರ್‌ನ ನಡುವೆ ಬೆಂಕಿ ಉರಿಯುವ ಕೊಳವೆ, ಅದರ ಸುತ್ತ ನೀರು, ಹೊರಗೆ ಚಿಪ್ಪು. ತಣ್ಣೀರು ಕೆಳಗಿನಿಂದ ಹೊಕ್ಕು ಬಿಸಿನೀರನ್ನು ಮೇಲಿನ ಕೊಳವೆಯಿಂದ ಹೊರಗೆ ತಳ್ಳುತ್ತದೆ. ಒಳಗೆ ನೀರು ಇರುವ ತನಕ ತಾಮ್ರ ನೂರು ಡಿಗ್ರಿಗಿಂತ ಹೆಚ್ಚೇನೂ ಕಾಯುವುದಿಲ್ಲ. ಆದರೆ ಸೀಸ, ತವರದ ಬೆಸುಗೆ 200 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ನೀರಿಲ್ಲದೆ ಒಮ್ಮೆ ಬೆಂಕಿ ಹಾಕಿದರೆ ಸಾಕು, ಸಂದು ಬಿಟ್ಟುಕೊಂಡಿತು. ಬಾಯ್ಲರ್ ಸೋರಿದ ಕೂಡಲೇ ಅದರ ಆಯುಷ್ಯ ಮುಗಿಯಿತು ಎಂದುಕೊಳ್ಳಬಾರದು. ಸೋರುವುದು ಬೆಸುಗೆಯೋ, ತಾಮ್ರವೋ, ಅದು ಮೊದಲು ಗೊತ್ತಾಗಬೇಕು.

ನಾನು ನೋಡಿದ್ದು ಹೀಗೆ. ಬೂದಿ, ಮಸಿ ಪೂರ್ತಿ ಕೆರೆದು ತೆಗೆದೆ. ನೀರು ತುಂಬಿಸಿ, ಸಂದುಗಳಿಗೆ ಒಣ ಬೂದಿ ಸವರಿ ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ಒದ್ದೆಯಾದ ಜಾಗ ಕಪ್ಪಾಗಿ ಎದ್ದು ಕಂಡಿತು. ಆಮೇಲೆ ನೀರು ಖಾಲಿ ಮಾಡಿ ಎಲ್ಲ ಕಡೆ ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಹೊರಗಿನ ಚಿಪ್ಪು ಗಟ್ಟಿ. ಬೆಂಕಿಯ ಕೊಳವೆಯ ಕೆಳಭಾಗ, ಬೂದಿ ರಾಶಿ ಬೀಳುವ ಕಡೆ ಮಾತ್ರ ಒತ್ತಿದರೆ ತಗ್ಗುತ್ತಿತ್ತು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ಬಾವಿ ನೀರು ಸ್ವಲ್ಪ ಹುಳಿ ಗುಣದ್ದು. ಅದೂ ತಾಮ್ರವನ್ನು ನಿಧಾನಕ್ಕೆ ತಿನ್ನುತ್ತದೆ. ನಲ್ಲಿಯ ಬುಡದಲ್ಲಿ ಹಸಿರು ಕಲೆ ಕಂಡರೆ ಅದೇ ಕಾರಣ. ಬಾಯ್ಲರ್‌ನಲ್ಲಿ ಕಾಯಿಸಿದ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ.

ಗೀಸರ್ ಲೆಕ್ಕವನ್ನೂ ಹಾಕಿದೆ. ಐದು ಜನ, ತಲಾ 20 ಲೀಟರ್ ಎಂದರೆ 100 ಲೀಟರ್. ಅದನ್ನು 25 ಡಿಗ್ರಿಯಿಂದ 45ಕ್ಕೆ ಏರಿಸಲು ಸುಮಾರು 2.3 ಯುನಿಟ್ ಬೇಕು. ಎರಡು ತಿಂಗಳ ಬಿಲ್ಲಿಗೆ 140 ಯುನಿಟ್ ಹತ್ತಿರ ಬಂತು. ಕೇರಳದಲ್ಲಿ ತಿಂಗಳಿಗೆ 250 ಯುನಿಟ್ ದಾಟಿದರೆ ಮೊದಲ ಯುನಿಟ್‌ನಿಂದಲೇ ಮೇಲಿನ ದರ. ಫ್ರಿಜ್, ಮಿಕ್ಸಿ, ಪಂಪು ಎಲ್ಲ ಇರುವ ಮನೆಗೆ ಆ ಗಡಿ ದೂರವೇನಲ್ಲ, ಅಲ್ವಾ? ಜೊತೆಗೆ ಹಳೆ ಮನೆಯ ವಯರಿಂಗ್. 2 ಕಿಲೋವಾಟ್ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ. 16 ಆಂಪ್‌ನ ಪ್ಲಗ್, ಸರಿಯಾದ ಅರ್ತಿಂಗ್ ಇಲ್ಲದೆ ಬಚ್ಚಲಿಗೆ ತರುವುದು ಅಪಾಯ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ತಿಂಗ್ ಮತ್ತೂ ದುರ್ಬಲವಾಗುತ್ತದೆ.

ಸೋಲಾರ್ ಬಗ್ಗೆ ಜಾಸ್ತಿ ಯೋಚಿಸಲಿಲ್ಲ. ಬಿಸಿನೀರು ನಿಜವಾಗಿ ಬೇಕಾಗುವುದು ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ. ಆಗ ಬಿಸಿಲೇ ಇರುವುದಿಲ್ಲ, ಕರೆಂಟೂ ನಂಬುವ ಹಾಗಿಲ್ಲ.

ಕಟ್ಟಿಗೆಗೆ ನಮಗೆ ಖರ್ಚಿಲ್ಲ. ಕೊತ್ತಳಿಗೆ, ಗೆರಟೆ, ಅಡಿಕೆ ಸಿಪ್ಪೆ ತೋಟವೇ ಕೊಡುತ್ತದೆ. ಪತ್ತನಾಜೆಯ, ಅಂದರೆ ಮೇ ಕೊನೆಯ ಒಳಗೆ ಕೊಟ್ಟಿಗೆ ತುಂಬಿಸಿಟ್ಟರೆ ಮಳೆಗಾಲ ಕಳೆಯುತ್ತದೆ. ಒದ್ದೆ ಕಟ್ಟಿಗೆ ಹಾಕಿದರೆ ಬರೀ ಹೊಗೆ. ಆ ಹೊಗೆ ಹೆಂಗಸರ ಕಣ್ಣು, ಎದೆ ಹಾಳು ಮಾಡುವುದನ್ನು ನಾನು ಸುಮ್ನೆ ಬಿಡಲಾರೆ. ಅದಕ್ಕೇ ಈ ಸಲ ಹೊಗೆಗೂಡನ್ನು ಮನೆಯ ಮಾಡಿಗಿಂತ ಎತ್ತರಕ್ಕೆ ಏರಿಸಿದೆ, ಉರಿ ಹಾಕುವ ಬಾಯಿಯನ್ನು ಬಚ್ಚಲಿನ ಹೊರಗೋಡೆಗೆ ತಿರುಗಿಸಿದೆ. ರಿಪೇರಿಗಿಂತ ಈ ಕೆಲಸವೇ ಮನೆಯವರಿಗೆ ಹೆಚ್ಚು ಸಮಾಧಾನ ಕೊಟ್ಟಿತು.

ತಾಮ್ರದ ಕೆಲಸ ಬಲ್ಲವರಿಂದ ಬೆಂಕಿಯ ಕೊಳವೆ ಪೂರ್ತಿ ಹೊಸದು ಮಾಡಿಸಿದೆ. ತೇಪೆ ಹಾಕಿಸಲಿಲ್ಲ. ತೇಪೆಯ ಪಕ್ಕದ ತೆಳು ತಾಮ್ರ ಮತ್ತೆ ಸೋರುತ್ತದೆ. ಕೆಳಗಿನ ಸಂದಿಗೆ ಹಿತ್ತಾಳೆ ಬೆಸುಗೆಯನ್ನೇ ಕೇಳಿ ಹಾಕಿಸಿದೆ, ಅದು ಜಾಸ್ತಿ ಕಾವು ತಡೆಯುತ್ತದೆ. ಈಗ ಬೂದಿಯನ್ನು ದಿನಾ ತೆಗೆಯುತ್ತೇವೆ. ಮೇಲಿನ ಕೊಳವೆಯಲ್ಲಿ ನೀರು ಬಂದದ್ದು ನೋಡಿದ ಮೇಲೆಯೇ ಬೆಂಕಿ. ಆ ಕೊಳವೆಗೆ ಮಾತ್ರ ಯಾವತ್ತೂ ನಲ್ಲಿ ಕೂರಿಸಬೇಡಿ. ಆವಿಗೆ ಹೊರದಾರಿ ಇಲ್ಲದಿದ್ದರೆ ಬಾಯ್ಲರ್ ಒಡೆಯುತ್ತದೆ.

ಕಟ್ಟಿಗೆಯನ್ನು ದುಡ್ಡು ಕೊಟ್ಟು ತರುವ ಮನೆಗೆ, ಬೆಂಕಿ ಹಾಕಲು ಬಗ್ಗಲಾಗದ ಹಿರಿಯರು ಮಾತ್ರ ಇರುವ ಮನೆಗೆ ನಾನು ಗೀಸರನ್ನೇ ಹೇಳುತ್ತೇನೆ. ನಮ್ಮಲ್ಲೂ ಹೊರಗಿನ ಚಿಪ್ಪು ತಗ್ಗಲು ಶುರುವಾದ ದಿನ ರಿಪೇರಿ ಮಾಡಿಸುವುದಿಲ್ಲ. ಹಳೆ ತಾಮ್ರಕ್ಕೆ ತೂಕದ ಮೇಲೆ ಒಳ್ಳೆ ಬೆಲೆ ಇದೆ. ಅದನ್ನು ಕೊಟ್ಟು ಹೊಸ ಬಾಯ್ಲರ್ ತರುತ್ತೇನೆ.