ಒಂದೇ ಸದ್ದು ಕೇಳುತ್ತಿದ್ದರೆ ಕಿವಿ ಏನು ಮಾಡುತ್ತದೆ? ನೀವೇ ಪರೀಕ್ಷಿಸಿ

ಫ್ರಿಜ್‌ನ ಗುಂಯ್ ಸದ್ದು ದಿನವಿಡೀ ಇರುತ್ತದೆ. ಆದರೆ ಅದು ಇತ್ತು ಅಂತ ಗೊತ್ತಾಗುವುದು ನಿಂತಾಗ ಮಾತ್ರ. ಅಲ್ಲಿಯವರೆಗೆ ಕಿವಿ ಸುಮ್ನೆ ಇತ್ತಾ? ಇಲ್ಲ, ಸದ್ದು ಒಳಗೆ ಹೋಗುತ್ತಲೇ ಇತ್ತು. ಕಿವಿ ಅದಕ್ಕೆ ಸ್ವಲ್ಪ ಒಗ್ಗಿಕೊಂಡಿತು, ಮಿದುಳು ಇನ್ನೂ ಜಾಸ್ತಿ ಒಗ್ಗಿಕೊಂಡಿತು. ಎರಡನ್ನೂ ಬೇರೆಬೇರೆಯಾಗಿ ಗಮನಿಸಬಹುದು. ಮೊಬೈಲ್, ಇಯರ್‌ಫೋನ್, ಒಂದು ಚಮಚ, ಜೊತೆಗೊಬ್ಬರು ಇದ್ದರೆ ಸಾಕು.

ಹೆಜ್ಜೆ 1: ಸಣ್ಣ ಸದ್ದು ಕರಗುವುದನ್ನು ಕೇಳಿ

ಬೇಕಾದ ಎತ್ತರದ ಒಂದೇ ಸ್ವರ ಹೊರಡಿಸುವ ಟೋನ್ ಜನರೇಟರ್ ಆ್ಯಪ್‌ನಲ್ಲಿ 4000 ಹರ್ಟ್ಸ್ ಆರಿಸಿಕೊಳ್ಳಿ. ಇಯರ್‌ಫೋನ್ ಒಂದೇ ಕಿವಿಗಿರಲಿ. ವಾಲ್ಯೂಮನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿ, ಕೇಳಿಯೂ ಕೇಳದಂತಿರುವ ಮಟ್ಟದಲ್ಲಿ ಬಿಡಿ. ಒಂದು ನಿಮಿಷ ಅಲುಗಾಡದೆ ಕೂತಿರಿ. ಎಷ್ಟೋ ಜನರಿಗೆ ಸದ್ದು ತೆಳುವಾಗುತ್ತಾ ಹೋಗುತ್ತದೆ, ಕೆಲವರಿಗೆ ಪೂರ್ತಿ ಮಾಯ. ಸದ್ದು ನಿಲ್ಲಿಸಿ, ತುಸು ಹೊತ್ತು ಬಿಟ್ಟು ಮತ್ತೆ ಹಾಕಿದರೆ ವಾಪಸ್ ಬರುತ್ತದೆ.

ಈಗ ವಾಲ್ಯೂಮನ್ನು ಆರಾಮವಾಗಿ ಕೇಳುವಷ್ಟು ಏರಿಸಿ ಇದನ್ನೇ ಮಾಡಿ. ಈ ಸಲ ಸದ್ದು ಅಷ್ಟಾಗಿ ಕರಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಯೋಗದ ಸ್ವಾರಸ್ಯ ಇಲ್ಲಿದೆ. ಸ್ಪಷ್ಟವಾಗಿ ಕೇಳುವ ಫ್ರಿಜ್ ಸದ್ದು ನಮ್ಮ ಪಾಲಿಗೆ ಇಲ್ಲವಾಗುತ್ತದೆ ಎಂದರೆ ಅದು ಮುಖ್ಯವಾಗಿ ಮಿದುಳಿನ ಕೆಲಸ.

ಹಾಗಂತ ಕಿವಿ ಏನೂ ಮಾಡುವುದಿಲ್ಲ ಅಂತಲ್ಲ. ಒಳಗಿವಿಯಲ್ಲಿ ಸುಮಾರು 3500 ಒಳ ರೋಮಕೋಶಗಳಿವೆ, ಅಂದರೆ ಸದ್ದಿನ ಕಂಪನವನ್ನು ಹಿಡಿಯುವ, ಕೂದಲಿನಂಥ ಎಳೆಗಳಿರುವ ಕೋಶಗಳು. ಸದ್ದು ಬಂದಾಗ ಇವು ನರದ ತುದಿಗೆ ಒಂದು ರಾಸಾಯನಿಕ ಬಿಡುತ್ತವೆ. ಟ್ಯಾಂಕ್ ತುಂಬಿದ್ದಾಗ ನಲ್ಲಿ ರಭಸವಾಗಿ ಸುರಿದು, ಆಮೇಲೆ ಪಂಪ್ ತುಂಬಿಸಿದಷ್ಟೇ ಬರುತ್ತದಲ್ಲ, ಇಲ್ಲೂ ಹಾಗೆಯೇ. ಸಿದ್ಧವಿದ್ದ ದಾಸ್ತಾನು ಮೊದಲ ಕ್ಷಣದಲ್ಲೇ ಖರ್ಚಾಗುತ್ತದೆ. ಹಾಗಾಗಿ ನರ ಶುರುವಿನಲ್ಲಿ ಜೋರಾಗಿ ಮಿಡಿಯುತ್ತದೆ, ಹತ್ತಾರು ಮಿಲಿಸೆಕೆಂಡುಗಳಲ್ಲೇ ಇಳಿದು ಒಂದು ಮಟ್ಟಕ್ಕೆ ನಿಲ್ಲುತ್ತದೆ.

ಒಂದು ಎಚ್ಚರಿಕೆ. ಸ್ಪಷ್ಟವಾಗಿ ಕೇಳುತ್ತಿದ್ದ ಸದ್ದೂ ಒಂದೇ ಕಿವಿಯಲ್ಲಿ ಬೇಗ ಮಾಯವಾಗುತ್ತಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಕೇಳುವ ನರದ ತೊಂದರೆ ಪತ್ತೆಗೆ ಹೆಚ್ಚುಕಡಿಮೆ ಇಂಥದ್ದೇ ಪರೀಕ್ಷೆಯನ್ನು ಅಮೆರಿಕದ ಶ್ರವಣತಜ್ಞ ರೇಮಂಡ್ ಕಾರ್ಹಾರ್ಟ್ 1957ರಲ್ಲೇ ರೂಪಿಸಿದ್ದರು.

ಹೆಜ್ಜೆ 2: ಚಮಚ ತಾಳ ತಪ್ಪಲಿ

ನೀವು ಪುಸ್ತಕ ಓದುತ್ತಾ ಕೂರಿ. ಜೊತೆಗಿದ್ದವರು ಬೆನ್ನ ಹಿಂದೆ ನಿಂತು, ಸೆಕೆಂಡಿಗೊಮ್ಮೆ ಚಮಚದಿಂದ ಮೇಜು ತಟ್ಟಲಿ. ಸ್ವಲ್ಪ ಹೊತ್ತಿಗೆ ತಟ್ಟುವುದು ನಿಮ್ಮ ಗಮನಕ್ಕೇ ಬರುವುದಿಲ್ಲ. ಆಗ ಹೇಳದೆ ಕೇಳದೆ ಒಂದು ಸಲ ಲೋಟಕ್ಕೆ ತಟ್ಟಲಿ, ಇನ್ನೊಮ್ಮೆ ಒಂದು ತಟ್ಟು ಬಿಟ್ಟುಬಿಡಲಿ. ಎರಡಕ್ಕೂ ತಲೆ ಎತ್ತುತ್ತೀರಾ ನೋಡಿ. ಬಿಟ್ಟುಹೋದ ಸದ್ದೂ ಗೊತ್ತಾಗುತ್ತದೆ ಎಂದರೆ, ಮುಂದಿನದು ಇಂಥ ಹೊತ್ತಿಗೆ ಬರಬೇಕು ಅಂತ ಮಿದುಳು ಲೆಕ್ಕ ಇಟ್ಟಿತ್ತು ಅಂತಾಯ್ತು ಅಲ್ವಾ?

ಬೇರೆ ಸದ್ದು ಬಂದಾಗ ಮಿದುಳು ಎಚ್ಚರವಾಗುವುದನ್ನು ಫಿನ್ಲೆಂಡಿನ ಮನಶ್ಶಾಸ್ತ್ರಜ್ಞ ರಿಸ್ಟೊ ನಾಟಾನೆನ್ ತಂಡ 1978ರಲ್ಲಿ ಮಿದುಳಿನ ಅಲೆಗಳಲ್ಲಿ ಹಿಡಿದು ತೋರಿಸಿತು. ಒಂದೇ ಥರದ ಸದ್ದುಗಳ ಸಾಲಿನಲ್ಲಿ ಬೇರೆಯದೊಂದು ಬಂದರೆ 100ರಿಂದ 250 ಮಿಲಿಸೆಕೆಂಡಿನೊಳಗೆ ವಿಶೇಷ ಅಲೆಯೊಂದು ಏಳುತ್ತದೆ. ಗಮನ ಬೇರೆಲ್ಲೋ ಇದ್ದರೂ ಸರಿ. 2003ರಲ್ಲಿ ಬೆಕ್ಕುಗಳ ಮಿದುಳಿನಲ್ಲಿ ಒಂಟಿ ನರಕೋಶಗಳಲ್ಲೂ ಇಂಥದ್ದೇ ಕಂಡಿತು. ಪದೇಪದೇ ಬರುವ ಸ್ವರಕ್ಕೆ ಅವು ಮಂದವಾಗುತ್ತವೆ, ಅಪರೂಪದ ಸ್ವರಕ್ಕೆ ಚುರುಕಾಗಿಯೇ ಇರುತ್ತವೆ. ಬರೀ ದಣಿವಾಗಿದ್ದರೆ ಎರಡಕ್ಕೂ ಮಂಕಾಗಬೇಕಿತ್ತು.

ಹೆಜ್ಜೆ 3: ಮಾತನ್ನು ಹಾಡಾಗಿಸಿ

ಪದೇಪದೇ ಕೇಳಿದ ಸದ್ದು ಮಾಯವಾಗುವುದಷ್ಟೇ ಅಲ್ಲ, ಬೇರೆಯಾಗಿಯೂ ಕೇಳಬಹುದು. ಯಾರಾದರೂ ಸಹಜವಾಗಿ ಮಾತಾಡಿದ ಒಂದೆರಡು ಸೆಕೆಂಡಿನ ತುಣುಕನ್ನು ಕತ್ತರಿಸಿ ಲೂಪ್‌ನಲ್ಲಿ ಹಾಕಿ. ಕೆಲವು ಸುತ್ತಾದ ಮೇಲೆ ಅದು ರಾಗವಾಗಿ ಕೇಳಬಹುದು. ಮನಶ್ಶಾಸ್ತ್ರಜ್ಞೆ ಡಯಾನಾ ಡಾಯ್ಚ್ 1995ರಲ್ಲಿ ತಮ್ಮದೇ ಧ್ವನಿಮುದ್ರಣ ತಿದ್ದುವಾಗ ಇದನ್ನು ಗಮನಿಸಿದರು. ಎಲ್ಲಾ ತುಣುಕೂ ಹಾಡಾಗುವುದಿಲ್ಲ, ಎರಡು ಮೂರು ಬದಲಿಸಿ ನೋಡಿ. ಮತ್ತೆ ಮತ್ತೆ ಬಾಯಲ್ಲಿ ಹೇಳಿಸಬೇಡಿ, ಅದೇ ರೆಕಾರ್ಡಿಂಗ್ ಬೇಕು. ಸ್ವರದ ಎತ್ತರ ಪ್ರತಿ ಸಲ ಸ್ವಲ್ಪ ಬದಲಾದರೂ ಮಾತು ಮಾತಾಗಿಯೇ ಉಳಿಯುತ್ತದೆ.

ಜೋರು ಗದ್ದಲದಲ್ಲಿದ್ದು ಬಂದ ದಿನ ಇದ್ಯಾವುದನ್ನೂ ಮಾಡಬೇಡಿ. ಆಗ ಕಿವಿಗೆ ಹತ್ತಿ ಇಟ್ಟ ಹಾಗಾಗುವುದು ಒಗ್ಗಿಕೊಂಡಿದ್ದಲ್ಲ, ರೋಮಕೋಶಗಳಿಗೆ ಬಿದ್ದ ಪೆಟ್ಟು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್ ಆದರೆ ನಾಲ್ಕೇ ಗಂಟೆ. ಸದ್ದು ಅಭ್ಯಾಸವಾಗಿದೆ ಅನ್ನಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ.